ಜಾಲತಾಣದಲ್ಲಿ ಹಳೆಯ ಧಾರಣೆ: ವರ್ತಕರು ಗಮನಿಸಬೇಕಾದ ಅಂಶಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ವರ್ತಕರಿಗೆ ಧಾರಣೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಇವೆಲ್ಲಕ್ಕೂ ಪ್ರತ್ಯೇಕ ದರ. ಅಂಗಡಿಯ ಹಲಗೆಯಲ್ಲಿ ಹಳೆಯ ದರವನ್ನು ಒರೆಸಿ ಹೊಸದನ್ನು ಬರೆದರೆ ಸಾಕು. ಆದರೆ ಜಾಲತಾಣದಲ್ಲಿ ದರ ತಿದ್ದಿದ ಬಳಿಕವೂ ಗ್ರಾಹಕನಿಗೆ ಹಳೆಯ ದರವೇ ಕಾಣಿಸುವ ಸಾಧ್ಯತೆಯಿದೆ. 'ಕ್ಯಾಶಿಂಗ್' ಎಂಬ ವ್ಯವಸ್ಥೆಯೇ ಇದಕ್ಕೆ ಮುಖ್ಯ ಕಾರಣ.

ಮುದ್ರಿತ ಬಿಲ್ ಪುಸ್ತಕದಲ್ಲಿ ಅಂಗಡಿಯ ಹೆಸರು, ವಿಳಾಸ ಮೊದಲೇ ಅಚ್ಚಾಗಿರುತ್ತವೆ. ತೂಕ, ದರಗಳನ್ನು ಆಮೇಲೆ ತುಂಬಲಾಗುತ್ತದೆ. ಜಾಲತಾಣದ 'ಟೆಂಪ್ಲೇಟ್' ಇಂತಹುದೇ ಖಾಲಿ ನಮೂನೆ. ಗ್ರಾಹಕನು ಪುಟವನ್ನು ಕೇಳಿದಾಗ ದತ್ತಾಂಶವನ್ನು ತಂದು ಅದರಲ್ಲಿ ತುಂಬುವುದೇ 'ರೆಂಡರಿಂಗ್'. ಪ್ರತಿ ಬಾರಿಯೂ ಹೀಗೆ ಮಾಡಿದರೆ ಸರ್ವರಿಗೆ ಹೊರೆ. ಆದುದರಿಂದ ಒಮ್ಮೆ ತುಂಬಿದ ಪುಟವನ್ನು ಕೆಲಕಾಲ ತೆಗೆದಿರಿಸಿ, ಅದನ್ನೇ ಎಲ್ಲರಿಗೂ ಕೊಡಲಾಗುತ್ತದೆ.

ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ಪತ್ರಿಕಾ ಕಚೇರಿಯಲ್ಲಿ ರೂಪುಗೊಂಡು 2005ರಲ್ಲಿ ಸಾರ್ವಜನಿಕ ಬಳಕೆಗೆ ಬಂದ 'ಜ್ಯಾಂಗೋ' ತಂತ್ರಾಂಶವನ್ನು ಉದಾಹರಣೆಯಾಗಿ ನೋಡಬಹುದು. ಇದರಲ್ಲಿ ಬೇರೆ ಅವಧಿಯನ್ನು ಸೂಚಿಸದಿದ್ದರೆ ಸಂಗ್ರಹದ ಆಯುಷ್ಯ 300 ಸೆಕೆಂಡು. ವೇಗದ ಆಸೆಯಿಂದ ಅದನ್ನು ಒಂದು ದಿನಕ್ಕೆ ವಿಸ್ತರಿಸಿದರೆ, ಬೆಳಗ್ಗಿನ ಧಾರಣೆ ಮರುದಿನ ಬೆಳಗ್ಗಿನವರೆಗೂ ಉಳಿಯಬಹುದು.

ಖಾಲಿ ನಮೂನೆಯನ್ನೂ ಸರ್ವರ್ ತನ್ನ ಸ್ಮರಣೆಯಲ್ಲಿ ಇರಿಸಿಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಲವು ಸರಕುಗಳ ಜಿ.ಎಸ್.ಟಿ. ದರಗಳು ಬದಲಾದವು. ತೆರಿಗೆಯ ದರವನ್ನು ನಮೂನೆಯಲ್ಲೇ ಬರೆದಿದ್ದಲ್ಲಿ, ಕಡತವನ್ನು ತಿದ್ದಿದರೂ ಸರ್ವರನ್ನು ಪುನಃ ಚಾಲನೆಗೊಳಿಸುವವರೆಗೆ ಹಳೆಯ ದರವೇ ಮುಂದುವರಿಯಬಹುದು. ದರಗಳು ದತ್ತಾಂಶದಲ್ಲಿರುವುದೇ ಕ್ಷೇಮ.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಒಬ್ಬ ಗ್ರಾಹಕನ ಬಾಕಿ ಲೆಕ್ಕದ ಪುಟವನ್ನು ವ್ಯಕ್ತಿಭೇದವಿಲ್ಲದೆ ಸಂಗ್ರಹಿಸಿದರೆ, ಅದು ಮತ್ತೊಬ್ಬನ ಕಣ್ಣಿಗೆ ಬೀಳಬಹುದು. ಖಾತೆ ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಮೇಲೆ ತೆರೆದಿಟ್ಟಂತೆಯೇ ಇದು.

ಜಾಲತಾಣ ರೂಪಿಸುವವರೊಂದಿಗೆ ವರ್ತಕರು ಈ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು:

1. ಸಂಸ್ಥೆಯ ಪರಿಚಯ, ವಿಳಾಸಗಳಂತಹ ಪುಟಗಳನ್ನು ದೀರ್ಘಕಾಲ ಸಂಗ್ರಹಿಸಬಹುದು.

2. ಧಾರಣೆ ಬದಲಾದೊಡನೆ ಅದರ ಹಳೆಯ ಪ್ರತಿ ತಾನಾಗಿಯೇ ಅಳಿಯಬೇಕು. ದರದ ಪಕ್ಕದಲ್ಲಿ ದಿನಾಂಕ ಮತ್ತು ವೇಳೆ ಇರಬೇಕು.

3. ಗ್ರಾಹಕರ ಲೆಕ್ಕಪತ್ರಗಳ ಪುಟಗಳು ಸಾಮಾನ್ಯ ಸಂಗ್ರಹಕ್ಕೆ ಸೇರಬಾರದು.

4. ಸರ್ವರಿನಲ್ಲಿ ಅಳಿಸಿದರೂ ಗ್ರಾಹಕನ ಮೊಬೈಲಿನಲ್ಲಿ ಹಳೆಯ ಪ್ರತಿ ಉಳಿದಿರಬಹುದು. ಧಾರಣೆಯ ಪುಟವನ್ನು ತೆರೆದಾಗಲೆಲ್ಲ ಸರ್ವರಿನಲ್ಲಿ ವಿಚಾರಿಸುವಂತೆ ಸೂಚನೆ ಇರಬೇಕು.

ಪುಟ ತೆರೆಯಲು ಒಂದು ಕ್ಷಣ ತಡವಾದರೆ ಗ್ರಾಹಕನು ಸಹಿಸಿಯಾನು. ತೋರಿಸಿದ ದರ ಒಂದು, ಬಿಲ್ಲಿನ ದರ ಇನ್ನೊಂದು ಎಂದಾದರೆ ವರ್ಷಗಳಿಂದ ಗಳಿಸಿದ ವಿಶ್ವಾಸಕ್ಕೇ ಕುಂದು ಬರುತ್ತದೆ.