ಹಳೆಯ ಲಾರಿಯ ಎಂಜಿನ್ನಿನಿಂದ ಎಣ್ಣೆ ಸೋರುವುದು: ಕಾರಣ ಮತ್ತು ದುರಸ್ತಿ

ಲಾರಿ ನಿಂತು ಹೋದ ಸ್ಥಳದಲ್ಲಿ ಉಳಿಯುವ ಅಂಗೈಯಗಲದ ಕಪ್ಪು ಕಲೆಯನ್ನು ಕಾಣದವರಿಲ್ಲ. ಅದನ್ನು ಹಳೆಯ ಬಂಡಿಯ ಸಹಜ ಲಕ್ಷಣವೆಂದು ಬಗೆದು ಸುಮ್ಮನಾಗುವವರೇ ಹೆಚ್ಚು. ಎಣ್ಣೆ ಇಳಿದರೆ ಮತ್ತೊಂದು ಲೀಟರ್ ಸುರಿದರಾಯಿತೆಂಬುದು ಅವರ ಸಮಾಧಾನ. ಆದರೆ ಎಂಜಿನ್ನಿನ ಹಿಂಬದಿಯಿಂದ ಇಳಿಯುವ ಎಣ್ಣೆ ನೆಲಕ್ಕೆ ಬೀಳುವ ಮೊದಲೇ ಕ್ಲಚ್ ಪ್ಲೇಟನ್ನು ತೋಯಿಸುವ ಸಂಭವವುಂಟು. ಎಣ್ಣೆ ಕುಡಿದ ಪ್ಲೇಟು ಹಿಡಿತವನ್ನು ಕಳೆದುಕೊಂಡು ಜಾರುತ್ತದೆ. ಹೇರು ತುಂಬಿದ ಲಾರಿ ಶಿರಾಡಿ ಘಾಟಿಯ ಏರಿನಲ್ಲಿರುವಾಗ, ಎಂಜಿನ್ನು ಮೊರೆಯುತ್ತಿದ್ದರೂ ಚಕ್ರ ಮುಂದೆ ಸಾಗದಿದ್ದರೆ ಚಾಲಕನ ಪಾಡೇನು? ಆಗ ಆ ಕಪ್ಪು ಕಲೆಯ ಬೆಲೆ ತಿಳಿಯುತ್ತದೆ.

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟು ತನ್ನ ಕವಚದಿಂದ ಎರಡು ಕಡೆ ಹೊರಬರುತ್ತದೆ. ಮುಂದೆ ಬೆಲ್ಟಿನ ಪುಲ್ಲಿಗಾಗಿ, ಹಿಂದೆ ಫ್ಲೈವೀಲಿಗಾಗಿ. ಒಳಗೆ ಎಣ್ಣೆ ಸಿಡಿಯುತ್ತಿರುವಾಗ ತಿರುಗುವ ದಂಡ ಹೊರಬರಬೇಕು, ಎಣ್ಣೆ ಮಾತ್ರ ಬರಕೂಡದು. ಈ ಕಾವಲಿಗೆ ಇರಿಸಿದ ಉಂಗುರವೇ ಆಯಿಲ್ ಸೀಲ್. 1950 ಮತ್ತು 60ರ ದಶಕಗಳ ಹಲವು ಎಂಜಿನ್ನುಗಳ ಹಿಂಬದಿಯಲ್ಲಿ ಗ್ರಾಫೈಟ್ ಬಳಿದ ಕಲ್ನಾರಿನ ಹುರಿಯನ್ನು ಎರಡು ಅರ್ಧಗಳಾಗಿ ಗಾಳಿಯೊಳಗೆ ಕೂಡಿಸುತ್ತಿದ್ದರು. ತುಟಿಯುಳ್ಳ ಸೀಲಿನ ಇತಿಹಾಸವೂ ಸ್ವಾರಸ್ಯಕರವಾದುದು. ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಸಂಸ್ಥೆ ಮೂಲತಃ ಚರ್ಮ ಹದಮಾಡುವ ಉದ್ಯಮ. ಅಲ್ಲಿಯ ಎಂಜಿನಿಯರ್ ವಾಲ್ಟರ್ ಸಿಮ್ಮರ್ 1929ರಲ್ಲಿ ರೂಪಿಸಿದ ಸೀಲಿನ ತುಟಿಯೂ ಚರ್ಮದ್ದೇ ಆಗಿತ್ತು. ಮುಂದೆ ಕೃತಕ ರಬ್ಬರು ಆ ಸ್ಥಾನವನ್ನು ಪಡೆಯಿತು.

ರಬ್ಬರಿನ ತುಟಿಯನ್ನು ಉಂಗುರವಾಗಿ ಬಾಗಿಸಿದ ಸಣ್ಣ ಸುರುಳಿ ಸ್ಪ್ರಿಂಗು ದಂಡಕ್ಕೆ ಒತ್ತಿ ಹಿಡಿಯುತ್ತದೆ. ದಂಡದ ವ್ಯಾಸ 100 ಮಿಲಿಮೀಟರ್ ಇದ್ದು, ನಿಮಿಷಕ್ಕೆ 2000 ಸುತ್ತು ತಿರುಗಿದರೆ, ಅದರ ಮೈ ತುಟಿಯ ಕೆಳಗೆ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು ಓಡುತ್ತದೆ. ನಡುವೆ ಕೂದಲಿಗಿಂತಲೂ ತೆಳುವಾದ ಎಣ್ಣೆಯ ಪೊರೆಯಿದ್ದರೆ ತುಟಿ ಬಾಳುತ್ತದೆ. ಅದಿಲ್ಲದಿದ್ದರೆ ಸುಟ್ಟು ಗಟ್ಟಿಯಾಗುತ್ತದೆ. ವರ್ಷಗಳ ಕಾವಿನಿಂದಲೂ ರಬ್ಬರು ಬಿರುಸಾಗಿ ಸೀಳುವುದುಂಟು.

ಆದರೆ ಸೋರಿಕೆ ಕಂಡೊಡನೆ ಸೀಲಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಪಿಸ್ಟನ್ ರಿಂಗುಗಳು ಸವೆದರೆ ದಹನದ ಅನಿಲ ಕೆಳಗಿಳಿದು ಎಂಜಿನ್ನಿನ ಹೊಟ್ಟೆಯಲ್ಲಿ ಒತ್ತಡವನ್ನುಂಟುಮಾಡುತ್ತದೆ. ಆ ಅನಿಲ ಹೊರಹೋಗಲೆಂದೇ ಬ್ರೀದರ್ ಎಂಬ ಉಸಿರುಗೊಳವೆಯಿದೆ. ಅದು ಮಸಿ, ಧೂಳುಗಳಿಂದ ಕಟ್ಟಿಕೊಂಡರೆ ಒತ್ತಡವು ಸೀಲಿನ ತುಟಿಯನ್ನೇ ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಹೊಸ ಸೀಲು ಹಾಕಿದ ತಿಂಗಳೊಳಗೆ ಮತ್ತೆ ಸೋರುವ ಲಾರಿಗಳಲ್ಲಿ ಮೊದಲು ಶಂಕಿಸಬೇಕಾದುದು ಇದನ್ನೇ. ಬ್ರೀದರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಲು ಅರ್ಧ ಗಂಟೆ ಸಾಕು. ಗಿಯರ್ ಬಾಕ್ಸ್ ಇಳಿಸಲು ಒಂದೆರಡು ದಿನಗಳ ದುಡಿಮೆ ನಿಲ್ಲುತ್ತದೆ. ಕಡಿಮೆ ಖರ್ಚಿನ ಪರೀಕ್ಷೆ ಮೊದಲು ನಡೆಯುವುದು ಲೇಸು.

ಎಣ್ಣೆ ಎಲ್ಲಿಂದ ಬರುತ್ತಿದೆಯೆಂಬುದನ್ನೂ ನಿರ್ಧರಿಸಬೇಕು. ಮೇಲಿನ ರಾಕರ್ ಕವರಿನ ಗ್ಯಾಸ್ಕೆಟ್ಟಿನಿಂದ ಒಸರಿದ ಎಣ್ಣೆಯೂ ಗಾಳಿಗೆ ಹಿಂದಕ್ಕೆ ಹರಿದು ಸೀಲಿನ ಬಳಿಯೇ ತೊಟ್ಟಿಕ್ಕುತ್ತದೆ. ಎಂಜಿನ್ನನ್ನು ತೊಳೆದು ಒಣಗಿಸಿ, ಸೀಮೆಸುಣ್ಣದ ಪುಡಿ ಎರಚಿ, ಸ್ವಲ್ಪ ಹೊತ್ತು ಓಡಿಸಿ ನೋಡಿದರೆ ಒದ್ದೆಯ ಗೆರೆ ತಾನಾಗಿಯೇ ಮೂಲವನ್ನು ತೋರುತ್ತದೆ. ಕ್ಲಚ್ ಕವಚದ ತಳದಿಂದ ಬೀಳುವ ಎಣ್ಣೆ ದಪ್ಪಗಿದ್ದು ಗಂಧಕದ ವಾಸನೆ ಬೀರಿದರೆ, ಅದು ಗಿಯರ್ ಬಾಕ್ಸಿನ ಮುಂದಿನ ಸೀಲಿನದಾಗಿರಬಹುದು.

ಹಿಂದಿನ ಸೀಲೇ ಕೆಟ್ಟಿದೆಯೆಂದು ಖಚಿತವಾದ ಮೇಲೆ ಗಿಯರ್ ಬಾಕ್ಸ್, ಕ್ಲಚ್ಚು, ಫ್ಲೈವೀಲುಗಳನ್ನು ಕ್ರಮವಾಗಿ ಇಳಿಸತಕ್ಕದ್ದು. ಇಲ್ಲಿ ಎಚ್ಚರ ಅತ್ಯಗತ್ಯ. ಬರಿಯ ಜಾಕಿನ ಮೇಲೆ ನಿಂತ ಲಾರಿಯ ಕೆಳಗೆ ಯಾರೂ ನುಸುಳಕೂಡದು. ಚಕ್ರಗಳಿಗೆ ಅಡ್ಡಗಟ್ಟೆ, ಚಾಸಿಗೆ ಗಟ್ಟಿಯಾದ ಆಧಾರ ಇರಲೇಬೇಕು. ಹಳೆಯ ಕ್ಲಚ್ ಪ್ಲೇಟಿನ ಧೂಳಿನಲ್ಲೂ ಹುರಿಯ ಸೀಲಿನಲ್ಲೂ ಕಲ್ನಾರು ಇರುವ ಸಂಭವವಿದ್ದು, ಅದರ ಎಳೆಗಳು ಶ್ವಾಸಕೋಶಕ್ಕೆ ಮಾರಕ. ಅದನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಸೀಲನ್ನು ಕೀಳುವಾಗ ದಂಡದ ಮೈಗೆ ಗೀರು ಬೀಳಬಾರದು. ಅನಂತರ ತುಟಿ ಕೂರುವ ಜಾಗದ ಮೇಲೆ ಉಗುರಾಡಿಸಿ ನೋಡಬೇಕು. ಮೆತ್ತನೆಯ ರಬ್ಬರು ಗಟ್ಟಿ ಉಕ್ಕನ್ನು ಸವೆಸುವುದೆಂದರೆ ಸೋಜಿಗವೆನಿಸೀತು. ಆದರೆ ಎಣ್ಣೆಯಲ್ಲಿನ ಧೂಳು ತುಟಿಗೆ ಅಂಟಿ ಉಜ್ಜುಗಾಗದದಂತೆ ಕೆಲಸ ಮಾಡುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆಯಿದ್ದರೆ ಹೊಸ ಸೀಲೂ ನಿಲ್ಲದು. ಗೂಡಿನಲ್ಲಿ ಅವಕಾಶವಿದ್ದಲ್ಲಿ ಸೀಲನ್ನು ಎರಡು ಮೂರು ಮಿಲಿಮೀಟರ್ ಸರಿಸಿ ಕೂರಿಸಬಹುದು. ಇಲ್ಲವೇ ಸುಮಾರು ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ತೋಳನ್ನು ದಂಡಕ್ಕೆ ತೊಡಿಸಬಹುದು. ಬೇರಿಂಗು ಸವೆದು ದಂಡವೇ ಕುಣಿಯುತ್ತಿದ್ದರೆ ಇವಾವುವೂ ಫಲಿಸವು. ಆಗ ಎಂಜಿನ್ನನ್ನು ಪೂರ್ಣವಾಗಿ ಬಿಚ್ಚುವುದೊಂದೇ ದಾರಿ.

ಹೊಸ ಸೀಲಿನ ಸ್ಪ್ರಿಂಗಿನ ಮಗ್ಗುಲು ಎಣ್ಣೆಯ ಕಡೆಗಿರಬೇಕು. ರಬ್ಬರಿನ ತುಟಿಗೆ ಶುದ್ಧ ಎಣ್ಣೆ ಸವರಿ, ಅಳತೆಗೆ ತಕ್ಕ ಬಳೆಯನ್ನಿಟ್ಟು ಸುತ್ತಲೂ ಸಮನಾಗಿ ತಟ್ಟಬೇಕು. ಒಂದೇ ಕಡೆ ಹೊಡೆದರೆ ಓರೆಯಾಗಿ ಕೂತು ಮೊದಲ ದಿನವೇ ಸೋರುತ್ತದೆ. ಟೆಫ್ಲಾನ್ ತುಟಿಯ ಸೀಲುಗಳನ್ನು ಮಾತ್ರ ಸಾಮಾನ್ಯವಾಗಿ ಒಣಗಿದಂತೆಯೇ ಕೂರಿಸುವುದು ರೂಢಿ; ಪೊಟ್ಟಣದ ಮೇಲಿನ ಸೂಚನೆಯನ್ನು ಓದಿಕೊಳ್ಳಬೇಕು. ಕೆಲವು ಎಂಜಿನ್ನುಗಳಲ್ಲಿ ಫ್ಲೈವೀಲಿನ ಬೋಲ್ಟುಗಳ ರಂಧ್ರ ಒಳಗಿನವರೆಗೂ ಇರುವುದರಿಂದ ಮರೆಗಳ ಮೂಲಕವೂ ಎಣ್ಣೆ ಜಿನುಗುತ್ತದೆ. ಅಂಥಲ್ಲಿ ಬೋಲ್ಟಿಗೆ ಸೀಲಂಟ್ ಹಚ್ಚುವುದನ್ನು ಮರೆಯಲಾಗದು. ಎಣ್ಣೆಯಲ್ಲಿ ನೆಂದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಉಳಿತಾಯ ಹುಸಿಯಾದುದು. ಕಾವೇರಿದೊಡನೆ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಜೋಡಣೆ ಮುಗಿದ ಬಳಿಕ ಎಣ್ಣೆಯನ್ನು ಅಳತೆ ಕಡ್ಡಿಯ ಮೇಲಿನ ಗುರುತು ಮೀರದಂತೆ ತುಂಬಿ, ನೂರು ಕಿಲೋಮೀಟರಿನಷ್ಟು ಓಡಿಸಿ, ಕ್ಲಚ್ ಕವಚದ ತಳವನ್ನು ಒಣಬಟ್ಟೆಯಿಂದ ಒರೆಸಿ ನೋಡತಕ್ಕದ್ದು.