ಮಗ ಬರಲಿಲ್ಲ, ಫಾರಂ ಬಂತು

ಮೊದಲನೇ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಆಸ್ಟ್ರೇಲಿಯಾದ ಮನೆಗಳಿಗೆ ಯುದ್ಧ ಮುಗಿದ ಮೇಲೆ ಸರ್ಕಾರದಿಂದ ಒಂದು ಫಾರಂ ಹೋಗುತ್ತಿತ್ತು. ಹುಟ್ಟಿದ್ದೆಲ್ಲಿ? ಯಾವ ಶಾಲೆಯಲ್ಲಿ ಓದಿದ? ಏನು ಕೆಲಸ ಮಾಡುತ್ತಿದ್ದ? ಸಾಯುವಾಗ ವಯಸ್ಸೆಷ್ಟು? ಯಾವ ಊರಿನವನು ಅಂತ ಸ್ಮಾರಕದಲ್ಲಿ ಹೆಸರು ಹಾಕಬೇಕು? ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ಇತಿಹಾಸ ಬರೆಯುವವರಿಗೆ ಉಪಯೋಗವಾಗುವಂಥ ಬೇರೆ ವಿವರ ಏನಾದರೂ ಇದೆಯೇ?

ನಾನು ದಿನವಿಡೀ ಫಾರಂ, ಫೀಲ್ಡು, ಡೇಟಾಬೇಸ್ ಅಂತ ಒದ್ದಾಡುವವನು. ‘ಇತರೆ’ ಅನ್ನೋ ಕಾಲಂ ಇಟ್ಟರೆ ಯಾರೂ ತುಂಬಲ್ಲ ಅನ್ನೋದು ನಮ್ಮ ಕಸುಬಿನ ಅನುಭವ. ಆ ಫಾರಂಗಳನ್ನು ಸ್ಕ್ಯಾನ್ ಮಾಡಿ ಈಗ ಆನ್‌ಲೈನಲ್ಲಿ ಇಟ್ಟಿದ್ದಾರೆ. ಒಂದಿಷ್ಟನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ಓದಿದೆ. ಕೆಲವರು ಕೊನೆಯ ಕಾಲಂ ಖಾಲಿ ಬಿಟ್ಟಿದ್ದಾರೆ. ಕೆಲವರಿಗೆ ಜಾಗವೇ ಸಾಲದೆ ಅಂಚಿನವರೆಗೂ ಬರೆದಿದ್ದಾರೆ.

ಯಾಕೆ ಇಷ್ಟು ಕಾಗದ? ದೂರ, ಅಷ್ಟೇ. ಆಗ ಆಸ್ಟ್ರೇಲಿಯಾದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಅದರಲ್ಲಿ 4,16,000ಕ್ಕೂ ಹೆಚ್ಚು ಮಂದಿ ಸೈನ್ಯ ಸೇರಿದರು, 60,000ದಷ್ಟು ಜನ ಸತ್ತರು. ಸತ್ತದ್ದೆಲ್ಲ ಗಲಿಪೊಲಿಯಲ್ಲಿ, ಫ್ರಾನ್ಸ್‌ನಲ್ಲಿ, ಬೆಲ್ಜಿಯಂನಲ್ಲಿ, ಪ್ಯಾಲೆಸ್ಟೈನ್‌ನಲ್ಲಿ. ದೇಹವನ್ನು ಊರಿಗೆ ಕಳಿಸುವ ಪದ್ಧತಿ ಇಲ್ಲ, ಸಮಾಧಿ ನೋಡಿಬರೋಣ ಅಂದರೆ ವಾರಗಟ್ಟಲೆ ಹಡಗಿನ ಪ್ರಯಾಣ. ಸಾಮಾನ್ಯ ಕುಟುಂಬಕ್ಕೆ ಅದು ಆಗದ ಮಾತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಾಗದವೇ ಮಗನ ಸಮಾಧಿಯಾಯಿತು.

ಸತ್ತ ಅಂತ ಖಚಿತವಾದವರ ಮನೆಯವರು ಅಷ್ಟರಮಟ್ಟಿಗೆ ಪುಣ್ಯವಂತರು. ‘ಕಾಣೆಯಾಗಿದ್ದಾನೆ’ ಅಂತ ಒಂದೇ ಒಂದು ತಂತಿ ಬಂದವರ ಪಾಡು ಬೇರೆ. ನಮ್ಮಲ್ಲಾದರೆ ಯಾವ ದಿನಕ್ಕೆ ತಿಥಿ ಮಾಡೋದು ಅಂತ ಕೇಳುತ್ತಿದ್ದೆವು. ಅವರು ರೆಡ್‌ಕ್ರಾಸಿಗೆ ಬರೆದರು. ಮಾಜಿ ಪ್ರಧಾನಿ ಆಲ್ಫ್ರೆಡ್ ಡೀಕಿನ್ ಅವರ ಮಗಳು ವೆರಾ ಡೀಕಿನ್ 1915ರಲ್ಲಿ ಕೈರೋದಲ್ಲಿ ಒಂದು ವಿಚಾರಣಾ ಕಚೇರಿ ತೆರೆದಿದ್ದರು. ಆಗ ಆಕೆಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸು. ಮುಂದೆ ಕಚೇರಿ ಲಂಡನ್ನಿಗೆ ಹೋಯಿತು. ಅದರ ಕಾರ್ಯಕರ್ತರು ಕಾಣೆಯಾದವರ ಪಟ್ಟಿ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ, ಗಾಯಾಳು ಸಿಪಾಯಿಗಳ ಹಾಸಿಗೆ ಪಕ್ಕ ಕೂತು ಕೇಳುತ್ತಿದ್ದರು: ಇವನನ್ನು ಕೊನೆಗೆ ನೋಡಿದ್ದು ಯಾವಾಗ? ಎಲ್ಲಿ? ನೋಡೋಕೆ ಹೇಗಿದ್ದ?

ಹೀಗೆ 32,000ದಷ್ಟು ಕಡತಗಳಾದವು. ನನ್ನನ್ನು ಹಿಡಿದು ಕೂರಿಸಿದ್ದು ಇವೇ. ಒಬ್ಬನೇ ಸಿಪಾಯಿಯ ಬಗ್ಗೆ ಒಬ್ಬ ಒಂದು ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಒಬ್ಬನ ಪ್ರಕಾರ ಶೆಲ್ ಬಿದ್ದು ಅಲ್ಲೇ ಸತ್ತ. ಮತ್ತೊಬ್ಬ ಅವನನ್ನು ಸ್ಟ್ರೆಚರ್ ಮೇಲೆ ಕಂಡಿದ್ದಾನೆ. ಯಾವುದು ನಿಜ ಅಂತ ಕಚೇರಿ ತೀರ್ಪು ಕೊಟ್ಟು ಉಳಿದದ್ದನ್ನು ಹರಿದು ಹಾಕಲಿಲ್ಲ, ಎಲ್ಲವನ್ನೂ ಇಟ್ಟಿತು. ಲಾಗ್ ಅಳಿಸಬೇಡ ಅಂತ ನಮ್ಮ ಟೀಮಿನಲ್ಲಿ ಹೊಸಬರಿಗೆ ದಿನಾ ಹೇಳ್ತೀವಲ್ಲ, ಆ ಥರ.

ಆ ಎಚ್ಚರ ಕೆಲಸಕ್ಕೆ ಬಂದದ್ದು ಸುಮಾರು 90 ವರ್ಷ ಆದಮೇಲೆ.

ಉತ್ತರ ಫ್ರಾನ್ಸಿನ ಫ್ರೊಮೆಲ್ ಅನ್ನೋ ಹಳ್ಳಿಯಲ್ಲಿ 1916ರ ಜುಲೈ 19ರ ಸಂಜೆ ಆಸ್ಟ್ರೇಲಿಯಾದ ಪಡೆ ಜರ್ಮನ್ ಕಂದಕಗಳ ಮೇಲೆ ಏರಿಹೋಯಿತು. ಮರುದಿನ ಬೆಳಗಿನ ಹೊತ್ತಿಗೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಎಲ್ಲ ಸೇರಿ 5,533 ಮಂದಿ. ಶತ್ರುವಿನ ಕಡೆ ಬಿದ್ದ ಹೆಣಗಳನ್ನು ಜರ್ಮನ್ನರೇ ಹೂತರು. ಎಷ್ಟೋ ದಶಕಗಳ ನಂತರ ಮೆಲ್ಬರ್ನಿನ ಶಿಕ್ಷಕ ಲ್ಯಾಂಬಿಸ್ ಎಂಗ್ಲೆಝೋಸ್ ಒಂದು ಸರಳ ಲೆಕ್ಕ ಹಾಕಿದರು. ಕಾಣೆಯಾದವರ ಸಂಖ್ಯೆ ಒಂದು ಕಡೆ, ಆ ಸುತ್ತಿನ ಹೆಸರಿಲ್ಲದ ಸಮಾಧಿಗಳ ಸಂಖ್ಯೆ ಇನ್ನೊಂದು ಕಡೆ. ಲೆಕ್ಕ ತಾಳೆಯಾಗಲಿಲ್ಲ. ಹಾಗಾದರೆ ಉಳಿದವರೆಲ್ಲಿ?

ಅಧಿಕಾರಿಗಳು ಮೊದಲು ಒಪ್ಪಲಿಲ್ಲ. ಆದರೆ ಒಬ್ಬ ಅಧಿಕಾರಿಯ ರೆಡ್‌ಕ್ರಾಸ್ ಕಡತದಲ್ಲಿ ಜರ್ಮನ್ನರಿಂದ ಬಂದ ಒಂದು ಮಾತು ಉಳಿದಿತ್ತು. ಫ್ರೊಮೆಲ್ ಹತ್ತಿರದ ‘ಫೆಸೆಂಟ್ ವುಡ್’ ಅನ್ನೋ ತೋಪಿನ ಮುಂದಿನ ಸಾಮೂಹಿಕ ಗುಂಡಿಗಳಲ್ಲಿ ಅವನನ್ನು ಹೂತಿರಬಹುದು ಅಂತ. 2008ರಲ್ಲಿ ಅಲ್ಲೇ ಅಗೆದು ನೋಡಿದಾಗ ಮೂಳೆ ಸಿಕ್ಕವು. ಮರುವರ್ಷ 250 ಮಂದಿಯ ಅವಶೇಷಗಳನ್ನು ಹೊರತೆಗೆದರು. ಪಕ್ಕದಲ್ಲೇ ಹೊಸ ಸ್ಮಶಾನ ಕಟ್ಟಿ 2010ರ ಜುಲೈ 19ಕ್ಕೆ ಉದ್ಘಾಟಿಸಿದರು. ಆಸ್ಟ್ರೇಲಿಯಾದ ಮೂಲೆಮೂಲೆಯ ಮೊಮ್ಮಕ್ಕಳು, ಮರಿಮಕ್ಕಳು ಡಿಎನ್‌ಎ ಮಾದರಿ ಕೊಟ್ಟರು. ಇಲ್ಲಿಯವರೆಗೆ 160ಕ್ಕೂ ಹೆಚ್ಚು ಮಂದಿಗೆ ಹೆಸರು ವಾಪಸ್ ಸಿಕ್ಕಿದೆ. ಬೇರೊಬ್ಬನ ಹೆಸರು ಹೊರಬಿದ್ದಾಗಲೆಲ್ಲ ‘ಅನಾಮಿಕ ಯೋಧ’ ಅನ್ನೋ ಕಲ್ಲನ್ನು ತೆಗೆದು ಹೆಸರಿನ ಕಲ್ಲು ನಿಲ್ಲಿಸುತ್ತಾರೆ.

ಇವೆಲ್ಲದರ ಹಿಂದೆ ಚಾರ್ಲ್ಸ್ ಬೀನ್ ಅನ್ನೋ ಪತ್ರಕರ್ತ ಇದ್ದಾರೆ. ಸೈನಿಕರ ಜೊತೆಗೇ ಗಲಿಪೊಲಿಯಲ್ಲಿ ಇಳಿದು, ಕೊನೆಯತನಕ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡೇ ಇದ್ದವರು. 12 ಸಂಪುಟಗಳ ಅಧಿಕೃತ ಇತಿಹಾಸದಲ್ಲಿ 6 ಅವರದೇ. ನನಗೆ ಹಿಡಿಸಿದ್ದು ಮಾತ್ರ ಡೈರಿಗಳಿಗೆ ಅವರು ಅಂಟಿಸಿದ ಎಚ್ಚರಿಕೆಯ ಚೀಟಿ: ಇಲ್ಲಿರುವುದು ಬರೆದ ಆ ಗಳಿಗೆಯಲ್ಲಿ ತಾವು ನಿಜವೆಂದು ನಂಬಿದ್ದು ಮಾತ್ರ ಎಂಬ ಅರ್ಥದ್ದು. ಕ್ಯಾನ್‌ಬೆರಾದ ಯುದ್ಧ ಸ್ಮಾರಕವೂ ಅವರ ಕನಸೇ. 1941ರಲ್ಲಿ ತೆರೆದ ಅದರ ಗೋಡೆಗಳ ಮೇಲೆ ಈಗ 1,03,000ಕ್ಕೂ ಹೆಚ್ಚು ಹೆಸರುಗಳಿವೆ, ಯಾರಿಗೂ ದರ್ಜೆಯಿಲ್ಲ. ಕರ್ನಲ್ಲೂ ಬರೀ ಹೆಸರು, ಸಿಪಾಯಿಯೂ ಬರೀ ಹೆಸರು. 2013ರಿಂದ ಅಲ್ಲಿ ದಿನಾ ಸಂಜೆ ಬಾಗಿಲು ಹಾಕುವ ಮುಂಚೆ ಒಬ್ಬೊಬ್ಬರ ಕಥೆ ಓದುತ್ತಾರೆ. ಸುಮ್ಮನೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆ: ದಿನಕ್ಕೊಂದರಂತೆ ಎಲ್ಲರನ್ನೂ ಮುಗಿಸೋಕೆ 280 ವರ್ಷಕ್ಕೂ ಹೆಚ್ಚು ಬೇಕು.

ಹಾಗಂತ ಎಲ್ಲ ದಾಖಲಾಗಿದೆ ಅಂದುಕೊಳ್ಳಬೇಡಿ. ಅವರ ರಾಷ್ಟ್ರೀಯ ಪತ್ರಾಗಾರ ಮೊದಲ ಮಹಾಯುದ್ಧದ ಸುಮಾರು 3,76,000 ಸೈನಿಕರ ಸೇವಾ ಕಡತಗಳನ್ನು ಉಚಿತವಾಗಿ ತೆರೆದಿಟ್ಟಿದೆ. ರಜೆ ಮೀರಿದ್ದಕ್ಕೆ ಬಿದ್ದ ದಂಡ, ಗುಪ್ತರೋಗದ ಚಿಕಿತ್ಸೆ, ಯಾವುದನ್ನೂ ಮುಚ್ಚಿಲ್ಲ. ಮುತ್ತಜ್ಜನನ್ನು ಹುಡುಕಲು ಹೋದವರು ಒಂದು ಗಳಿಗೆ ತಬ್ಬಿಬ್ಬಾಗಬಹುದು. ಎತ್ತರ, ಎದೆ ಸುತ್ತಳತೆ, ಕಣ್ಣಿನ ಬಣ್ಣ, ಮೈಬಣ್ಣ ಎಲ್ಲಕ್ಕೂ ಕಾಲಂ ಇದೆ. ಆದರೆ ಆ ನೆಲದ ಮೂಲನಿವಾಸಿ ಅಂತ ಹೇಳಿಕೊಳ್ಳಲು ಕಾಲಂ ಇಲ್ಲ. ಯುರೋಪ್ ಮೂಲದವರಲ್ಲದವರನ್ನು ಸೇರಿಸಿಕೊಳ್ಳಬಾರದು ಅನ್ನೋದು ನಿಯಮ, 1917ರಲ್ಲಿ ಸ್ವಲ್ಪ ಸಡಿಲವಾಯಿತು. ಆದರೂ 1,000ಕ್ಕೂ ಹೆಚ್ಚು ಮೂಲನಿವಾಸಿಗಳು ಸೇರಿದ್ದರು ಅಂತ ಈಗ ಗೊತ್ತಾಗಿದೆ. ಊರು, ಮನೆತನ, ಮನೆಯವರ ನೆನಪು ಎಲ್ಲ ಜೋಡಿಸಿ ಒಬ್ಬೊಬ್ಬರನ್ನೇ ಹುಡುಕುತ್ತಿದ್ದಾರೆ.

ಈ ಕಥೆಗೆ ನಮ್ಮೂರಿನ ಒಂದು ಎಳೆಯೂ ಇದೆ. 1918ರಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಆಸ್ಟ್ರೇಲಿಯಾದ ಜನರಲ್ ಹ್ಯಾರಿ ಶೋವೆಲ್ ನೇತೃತ್ವದ ಅಶ್ವದಳದಲ್ಲಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ನಾನು ಆ ರಸ್ತೆಯಲ್ಲಿ ಕ್ಯಾಬಿನಲ್ಲಿ ಎಷ್ಟು ಸಲ ಹಾದುಹೋಗಿದ್ದೀನೋ ಲೆಕ್ಕವಿಲ್ಲ.

ನಮ್ಮಜ್ಜಿಯ ಅಣ್ಣ ಒಬ್ಬರು ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋದವರು ಬರಲೇ ಇಲ್ಲ. ಮನೆಯಲ್ಲಿ ಒಂದು ಮಾಸಿದ ಫೋಟೋ ಇದೆ, ಅಷ್ಟೇ. ಹೋದ ವಾರ ತುಮಕೂರಿಗೆ ಫೋನ್ ಮಾಡಿ, ಆಸ್ಟ್ರೇಲಿಯಾದವರ ಆ ಪ್ರಶ್ನೆಗಳನ್ನೇ ಒಂದೊಂದಾಗಿ ಅಜ್ಜಿಗೆ ಕೇಳಿದೆ. ಶಾಲೆ? “ಕೂಲಿಮಠದಲ್ಲಿ ಎರಡು ವರ್ಷ.” ಕೆಲಸ? “ಕಪಿಲೆ ಹೊಡೀತಿದ್ದ.” ವಯಸ್ಸು? “ಮೀಸೆ ಬಂದಿತ್ತಪ್ಪ, ಅಷ್ಟೇ ಗೊತ್ತು.” ಬೇರೇನಾದರೂ ವಿವರ ಅಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಶುರುಮಾಡಿದವರು ನಲವತ್ತು ನಿಮಿಷ ನಿಲ್ಲಿಸಲಿಲ್ಲ. ರೆಕಾರ್ಡ್ ಮಾಡಿಟ್ಟಿದ್ದೀನಿ.