‘ಏನೂ ಆಗಂಗಿಲ್ಲ’ ಅನ್ನುವ ಬದಲು

ಟಿಇಟಿಗೆ ಓದುವವರಿಗೆಲ್ಲ ಶಿಶು ವಿಕಸನದ 30 ಅಂಕಗಳು ಗೊತ್ತು. ಪಿಯಾಜೆಯ ಹಂತಗಳನ್ನು ನಾನೂ ಈಗ ಉರು ಹೊಡೆಯುತ್ತಿದ್ದೇನೆ. ಆದರೆ ಹೆದರಿದ ಮಗುವಿನ ಪಕ್ಕ ಹೇಗೆ ಕೂರಬೇಕೆಂದು ನಾನು ಕಲಿತದ್ದು ಪುಸ್ತಕದಿಂದಲ್ಲ, 2019ರ ಪ್ರವಾಹದಲ್ಲಿ.

ಆ ವರ್ಷ ಆಗಸ್ಟ್ 5ಕ್ಕೆ ನಾಗರ ಪಂಚಮಿ. ಧಾರವಾಡದಲ್ಲಿ ಡಿಗ್ರಿ ಓದುತ್ತಿದ್ದ ನಾನು ಹಬ್ಬಕ್ಕೆಂದು ಊರಿಗೆ ಬಂದಿದ್ದೆ. ನಮ್ಮದು ಮಲಪ್ರಭೆಯ ದಂಡೆಯ ಹಳ್ಳಿ. ಡಬ್ಬಿಯಲ್ಲಿ ಶೇಂಗಾ ಉಂಡಿ ಇನ್ನೂ ಉಳಿದಿತ್ತು. ಅಷ್ಟರಲ್ಲೇ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ, ಊರು ಖಾಲಿ ಮಾಡಿ ಎಂಬ ಸುದ್ದಿ ಬಂತು. ಸಿಕ್ಕ ಸಾಮಾನನ್ನು ಟ್ರ್ಯಾಕ್ಟರ್‌ಗೆ ಹಾಕಿಕೊಂಡು ಎತ್ತರದಲ್ಲಿದ್ದ ಪಕ್ಕದೂರಿನ ಶಾಲೆ ಸೇರಿದೆವು. ಅದೇ ಪರಿಹಾರ ಕೇಂದ್ರ. ದೊಡ್ಡವರೆಲ್ಲ ಮನೆ, ದನ, ಪಂಚನಾಮೆ ಅಂತ ಓಡಾಡುತ್ತಿದ್ದರು. ಕಾಲೇಜು ಓದುವ ನಮ್ಮಂಥ ನಾಲ್ಕೈದು ಮಂದಿಯ ಪಾಲಿಗೆ ಬಂದದ್ದು ಮಕ್ಕಳು.

ಹೆದರಿದ ಮಕ್ಕಳು ಅಳುತ್ತಾರೆ ಅಂದುಕೊಂಡಿರುತ್ತೇವೆ. ಅಲ್ಲಿ ಅತ್ತವರು ಕಡಿಮೆ. ಮೂರನೇ ಇಯತ್ತೆಯ ಹುಡುಗನೊಬ್ಬ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದ. ಇನ್ನೊಬ್ಬ ಅವ್ವನ ಸೆರಗು ಬಿಡಲೇ ಇಲ್ಲ, ಅವಳು ಶೌಚಕ್ಕೆ ಹೋದರೂ ಬೆನ್ನು ಹತ್ತುತ್ತಿದ್ದ. ಒಬ್ಬ ಹುಡುಗಿ ಮಾತ್ರ ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ನಮ್ಮ ಕರ ಎಲ್ಲೈತ್ರಿ?’ ಎಲ್ಲರೂ ಹೇಳುತ್ತಿದ್ದುದು ಒಂದೇ: ‘ಬರತೈತಿ ಬಿಡವಾ, ಏನೂ ಆಗಂಗಿಲ್ಲ.’ ಆಗಬೇಕಾದದ್ದು ಆಗಿಹೋಗಿದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಯಾರ ಉತ್ತರವನ್ನೂ ನಂಬದೆ ಮುಂದಿನವರನ್ನು ಕೇಳುತ್ತಿದ್ದಳು.

ಆ ಊರಿನ ಅಂಗನವಾಡಿ ಟೀಚರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಕರ ಹೊಳ್ಯಾಗ ಹೋಗೇತವಾ. ನಿಮ್ಮಪ್ಪ ಹುಡಕ್ಯಾನ, ಸಿಕ್ಕಿಲ್ಲ’ ಎಂದರು. ಹುಡುಗಿ ಜೋರಾಗಿ ಅತ್ತಳು. ಅವರು ಸುಮ್ಮನಿರು ಅನ್ನಲಿಲ್ಲ. ಬೆನ್ನ ಮೇಲೆ ಕೈಯಿಟ್ಟು ಕೂತರು, ಆಮೇಲೆ ಕರುವಿನ ಬಣ್ಣ ಕೇಳಿದರು, ಹೆಸರು ಕೇಳಿದರು. ಮರುದಿನದಿಂದ ಅವಳು ಆ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಮಕ್ಕಳು ಬೆಂಚನ್ನೇ ಟ್ರ್ಯಾಕ್ಟರ್ ಮಾಡಿಕೊಂಡು ‘ಹೊಳಿ ಬಂತು, ಹೊಳಿ ಬಂತು’ ಎಂದು ಆಡತೊಡಗಿದವು. ಅಪಶಕುನದ ಆಟ ಎಂದು ಅಜ್ಜಿಯೊಬ್ಬಳು ಬೈದಳು. ಟೀಚರು, ‘ಆಡಲಿ ಬಿಡಬೇ, ಹೊಟ್ಯಾಗಿನದು ಹೊರಗ ಬರಲಿ’ ಎಂದರು. ಕಂಡ ಆಪತ್ತನ್ನೇ ಆಟದಲ್ಲಿ ಮತ್ತೆ ಮತ್ತೆ ಆಡುವುದು ಮಕ್ಕಳು ಅದನ್ನು ಅರಗಿಸಿಕೊಳ್ಳುವ ದಾರಿ ಎಂದು ನಾನು ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ. ಅಂದಹಾಗೆ, ಆ ಆಟದಲ್ಲಿ ಹೊಳೆಯ ಪಾತ್ರಕ್ಕೆ ಭಾರೀ ಪೈಪೋಟಿ ಇತ್ತು!

ಉಳಿದದ್ದು ಸರಳ. ಬೆಳಿಗ್ಗೆ ಹತ್ತಕ್ಕೆ ಹಾಡು, ಸಂಜೆ ಐದಕ್ಕೆ ಕಥೆ. ಮಳೆ ಬಂದರೂ, ಮಂತ್ರಿಗಳು ಬಂದರೂ ಅದು ತಪ್ಪುತ್ತಿರಲಿಲ್ಲ. ನಾಳೆ ಎಲ್ಲಿರುತ್ತೇವೆಂದು ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ ‘ಐದಕ್ಕೆ ಕಥೆ ಇದೆ’ ಅನ್ನುವುದು ಮಗುವಿಗೆ ಸಣ್ಣ ವಿಷಯವಲ್ಲ. ಊಟದ ಹೊತ್ತಿಗೆ ಲೋಟ ಹಂಚುವುದು ಅವರದೇ ಕೆಲಸ. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದವನೇ ಲೋಟದ ಲೆಕ್ಕದ ಯಜಮಾನ.

ನನಗೆ ಸಿಟ್ಟು ಬಂದದ್ದು ಒಂದೇ ಸಂಗತಿಗೆ. ಬಟ್ಟೆ, ಬಿಸ್ಕತ್ತು ಹಂಚಲು ಬಂದವರಲ್ಲಿ ಕೆಲವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ‘ಹೊಳಿ ಬಂದಾಗ ಹೆಂಗಾತು ಹೇಳು’ ಎಂದು ಮೊಬೈಲ್ ಮುಂದೆ ಹಿಡಿಯುತ್ತಿದ್ದರು. ಮಗು ತಾನಾಗಿ ಹೇಳುವುದೇ ಬೇರೆ, ಕೆದಕಿ ಹೇಳಿಸುವುದೇ ಬೇರೆ.

ಮರುವರ್ಷವೇ ಕೊರೊನಾ. ಶಾಲೆಗಳು ಮುಚ್ಚಿದವು, ನಾನೂ ಹಾಸ್ಟೆಲ್ ಬಿಟ್ಟು ಮನೆ ಸೇರಿದೆ. ನಮ್ಮ ಓಣಿಯ ಮಕ್ಕಳಿಗೆ ಗುಡಿಯ ಕಟ್ಟೆಯ ಮೇಲೆ, ದೂರ ದೂರ ಕೂರಿಸಿ, ಅದೇ ಐದು ಗಂಟೆಯ ಕಥೆ ಶುರು ಮಾಡಿದೆ. ‘ಸಾಲಿ ಯಾವಾಗ ಸುರು ಆಗತೈತಿ ಅಕ್ಕಾ?’ ಎಂದರೆ ‘ನನಗೂ ಗೊತ್ತಿಲ್ಲ, ಗೊತ್ತಾದ ದಿನ ಹೇಳತೀನಿ’ ಅನ್ನುತ್ತಿದ್ದೆ. ಮುಂದಿನ ವಾರ ಎಂದು ಸುಳ್ಳು ಹೇಳಿದ್ದರೆ ಆ ವಾರ ಮುಗಿದ ಮೇಲೆ ನನ್ನ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಬಿಟ್ಟು, ಮಾತು ಬಿಟ್ಟು ಕೂರುವ ಮಕ್ಕಳಿರುತ್ತಾರೆ. ಅದು ನಮ್ಮ ಕೈಗೆ ಮೀರಿದ್ದು. ವೈದ್ಯರಿಗೆ ತೋರಿಸಲೇಬೇಕು. ಮಾನಸಿಕ ಆರೋಗ್ಯದ ಸಲಹೆಗೆ 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಆಪತ್ತು ಅಂದರೆ ಹೊಳೆಯೇ ಬರಬೇಕೆಂದಿಲ್ಲ. ಅಧಿಸೂಚನೆಗೆ ಕಾಯುತ್ತ ಮನೆಯಲ್ಲಿ ಕೂತ ನಮ್ಮಂಥವರ ಮುಖವನ್ನೂ ಮಕ್ಕಳು ಓದುತ್ತಿರುತ್ತಾರೆ. ಫಲಿತಾಂಶದ ದಿನ ಮನೆ ಯಾಕೆ ಸುಮ್ಮನಾಯಿತು, ಅಪ್ಪ ಯಾಕೆ ರೇಗಿದರು ಎಂದು ಯಾರೂ ಹೇಳದಿದ್ದರೆ, ತನ್ನಿಂದಲೇ ಏನೋ ತಪ್ಪಾಗಿದೆ ಎಂದು ಮಗು ಅಂದುಕೊಳ್ಳುತ್ತದೆ. ಅಣ್ಣನ ಮಗ ಒಂದನೇ ಇಯತ್ತೆ. ಮೊನ್ನೆ ‘ಅತ್ತಿ, ನಿನಗ ನೌಕರಿ ಯಾವಾಗ ಸಿಗತೈತಿ?’ ಎಂದ. ‘ಗೊತ್ತಿಲ್ಲಪಾ. ಪರೀಕ್ಷೆಯ ತಾರೀಖು ಬಂದ ಕೂಡಲೇ ಮೊದಲು ನಿನಗ ಹೇಳತೀನಿ’ ಎಂದೆ. ಅವನು ಒಪ್ಪಿದ. ಈಗ ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಂತು, ‘ಇವತ್ತ ಬಂತೇನು?’ ಎಂದು ಕೇಳಿಯೇ ಶಾಲೆಗೆ ಹೋಗುತ್ತಾನೆ.